ಜೆಸ್ಸಿ ಜೇಮ್ಸ್ ಸಿನಿಮಾವನ್ನು ನಮ್ಮ ಬಳಗಕ್ಕೆ ತೋರಿಸಿದ ಬಗೆ

ಧಾರವಾಡದ ನಮ್ಮ ಸಣ್ಣ ಸಿನಿಮಾ ಬಳಗಕ್ಕೆ ತಿಂಗಳ ಚಿತ್ರ ಆರಿಸುವ ಕೆಲಸ ನನ್ನದು. ಬರುವವರಲ್ಲಿ ಮೇಷ್ಟ್ರುಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಕಾಲೇಜು ಹುಡುಗರು, ನಿವೃತ್ತರು ಇದ್ದಾರೆ. ಇವರಿಗೆ ತೋರಿಸಲೇಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಚಿತ್ರ 'ದಿ ಅಸಾಸಿನೇಷನ್ ಆಫ್ ಜೆಸ್ಸಿ ಜೇಮ್ಸ್ ಬೈ ದಿ ಕವರ್ಡ್ ರಾಬರ್ಟ್ ಫೋರ್ಡ್'. 2007ರ ಚಿತ್ರ, ನಿರ್ದೇಶಕ ಆಂಡ್ರ್ಯೂ ಡೊಮಿನಿಕ್. ಜೆಸ್ಸಿಯಾಗಿ ಬ್ರಾಡ್ ಪಿಟ್, ಅವನ ಅಭಿಮಾನಿ ರಾಬರ್ಟ್ ಅಂದರೆ ಬಾಬ್ ಫೋರ್ಡ್ ಆಗಿ ಕೇಸಿ ಅಫ್ಲೆಕ್. ಉದ್ದ 160 ನಿಮಿಷ. ಪ್ರದರ್ಶನಕ್ಕೆ ಬೇಕಾದ ಅನುಮತಿ ಸಿಕ್ಕ ಮೇಲೆ ತಯಾರಿ ಶುರು ಮಾಡಿದೆ.

ಸುದ್ದಿ ತಿಳಿದ ಒಬ್ಬರು ಕೇಳಿದರು: "ಕೌಬಾಯ್ ಪಿಕ್ಚರ್ ಏನ್ರೀ? ಹಂಗಾರ ಗುಂಡಿನ ಕಾಳಗ ಭಾಳ ಇರ್ತೈತಿ." ಈ ನಿರೀಕ್ಷೆ ಇಟ್ಟುಕೊಂಡು ಬಂದವರಿಗೆ ಚಿತ್ರ ಖಂಡಿತ ಬೇಸರ ತರಿಸುತ್ತದೆ. ಮೊದಲ ಅರ್ಧ ಗಂಟೆಯಲ್ಲೇ ಒಂದು ರೈಲು ದರೋಡೆ ಮುಗಿದುಹೋಗುತ್ತದೆ. ಆಮೇಲೆ ಹೆಚ್ಚಾಗಿ ಇರುವುದು ಮನೆಗಳು, ಊಟದ ಮೇಜು, ಚಳಿ, ಅನುಮಾನ. ಗುಂಡು ಹಾರುವುದು ಅಪರೂಪ. ಹಾರಿದಾಗಲೂ ಅದರಲ್ಲಿ ಶೌರ್ಯ ಅನ್ನುವುದು ಇರುವುದಿಲ್ಲ. ಹಾಗಾಗಿ ಚಿತ್ರ ಶುರುವಾಗುವ ಮೊದಲೇ ನೋಡುವವರ ನಿರೀಕ್ಷೆಯನ್ನು ಬೇರೆ ಕಡೆ ತಿರುಗಿಸಬೇಕಿತ್ತು.

ಅದಕ್ಕೆ ನಾನು ಮಾಡಿದ ಮೊದಲ ಕೆಲಸ, ಕೊನೆಯನ್ನು ಮೊದಲೇ ಹೇಳಿಬಿಟ್ಟದ್ದು. 'ಹೇಡಿ ರಾಬರ್ಟ್ ಫೋರ್ಡ್‌ನಿಂದ ಜೆಸ್ಸಿ ಜೇಮ್ಸ್ ಹತ್ಯೆ' ಅಂತ ಹೆಸರಿನಲ್ಲೇ ಎಲ್ಲ ಇದೆಯಲ್ಲ, ಬಚ್ಚಿಡುವುದೇನು? ಪರದೆಯ ಮುಂದೆ ನಿಂತು ಕನ್ನಡದಲ್ಲಿ ಇತಿಹಾಸ ಹೇಳಿದೆ. ಜೆಸ್ಸಿ ಜೇಮ್ಸ್ 1847ರಲ್ಲಿ ಅಮೆರಿಕದ ಮಿಸ್ಸೌರಿಯಲ್ಲಿ ಹುಟ್ಟಿದವನು. ಅಲ್ಲಿನ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಯಬೇಕು ಅಂದ ದಕ್ಷಿಣದವರ ಕಡೆ ಗೆರಿಲ್ಲಾ ಆಗಿದ್ದ. ಯುದ್ಧ ಮುಗಿದ ಮೇಲೆ ಬ್ಯಾಂಕು, ರೈಲು ದೋಚಿದ, ಕೊಲೆಗಳನ್ನೂ ಮಾಡಿದ. ಅಗ್ಗದ ಪುಸ್ತಕಗಳು ಅವನನ್ನು ಬಡವರ ಬಂಧು ಮಾಡಿ ಕೂರಿಸಿದವು. ಅಂಥ ಪುಸ್ತಕಗಳನ್ನು ಓದಿ ಬೆಳೆದ ಹುಡುಗ ಬಾಬ್. 1881ರ ಸೆಪ್ಟೆಂಬರ್ 7ರಂದು ಬ್ಲೂ ಕಟ್ ಅನ್ನುವಲ್ಲಿ ನಡೆದ ದರೋಡೆ ಜೇಮ್ಸ್ ಗುಂಪಿನ ಕೊನೆಯ ರೈಲು ದರೋಡೆ. ಏಳೇ ತಿಂಗಳಿಗೆ, 1882ರ ಏಪ್ರಿಲ್ 3ರಂದು, ಸೇಂಟ್ ಜೋಸೆಫ್ ಊರಿನ ಮನೆಯಲ್ಲಿ ಬಾಬ್ ಅವನನ್ನು ಹಿಂದಿನಿಂದ ಗುಂಡಿಟ್ಟು ಕೊಂದ. ಜೆಸ್ಸಿಗೆ 34 ವರ್ಷ, ಬಾಬ್‌ಗೆ 20.

ಇಷ್ಟು ಹೇಳಿದ ಮೇಲೆ "ಮುಂದೇನಾಗುತ್ತೆ" ಅನ್ನುವ ಪ್ರಶ್ನೆಗೆ ಜಾಗವೇ ಉಳಿಯಲಿಲ್ಲ. ಯಾಕೆ, ಹೇಗೆ ಅನ್ನುವುದು ಮಾತ್ರ ಉಳಿಯಿತು. ನಮ್ಮ ಬಯಲಾಟದಲ್ಲಿ ದುರ್ಯೋಧನ ಸಾಯುತ್ತಾನೆ ಅಂತ ಗೊತ್ತಿದ್ದೂ ಜನ ಬೆಳಗಿನವರೆಗೆ ಕೂರುತ್ತಾರಲ್ಲ, ಹಾಗೆ ಕೂರಲಿ ಅನ್ನುವುದು ನನ್ನ ಆಸೆ.

ಎರಡನೆಯದು ಒಂದು ಹಾಳೆಯ ಟಿಪ್ಪಣಿ. ಚಿತ್ರದಲ್ಲಿ ಎಲ್ಲರಿಗೂ ಗಡ್ಡ, ಉದ್ದ ಕೋಟು, ಟೋಪಿ. ಜೊತೆಗೆ ಹಳೇ ಕಾಲದ ಇಂಗ್ಲಿಷು. ಹಾಳೆಯಲ್ಲಿ ಕನ್ನಡದಲ್ಲಿ ಸಂಬಂಧ ಮಾತ್ರ ಬರೆದೆ: ಫ್ರಾಂಕ್, ಜೆಸ್ಸಿಯ ಅಣ್ಣ. ಚಾರ್ಲಿ, ಬಾಬ್‌ನ ಅಣ್ಣ. ವುಡ್ ಹೈಟ್, ಜೆಸ್ಸಿಯ ಸೋದರ ಸಂಬಂಧಿ. ಡಿಕ್ ಲಿಡಿಲ್, ಗುಂಪಿನವನು. ಜೀ, ಜೆಸ್ಸಿಯ ಹೆಂಡತಿ. ಯಾರು ಯಾರಿಗೆ ಏನಾಗಬೇಕು ಅಂತ ತಿಳಿದರೆ ಅರ್ಧ ಚಿತ್ರ ತಿಳಿದ ಹಾಗೆ. ಏಕೆಂದರೆ ಇಲ್ಲಿ ಅನುಮಾನ ಹರಡುವುದೇ ನೆಂಟಸ್ತಿಕೆಯ ದಾರಿಯಲ್ಲಿ.

ಇನ್ನು ಕೋಣೆ. ಇದಕ್ಕೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಈ ಚಿತ್ರವನ್ನು ಕತ್ತಲೆಯನ್ನೇ ನಂಬಿ ತೆಗೆದಿದ್ದಾರೆ. ರೈಲು ದರೋಡೆಯ ದೃಶ್ಯವನ್ನೇ ನೋಡಿ. ರಾತ್ರಿಯ ಕಾಡು, ಕೈಯಲ್ಲಿ ಕಂದೀಲು. ದೂರದಿಂದ ಬರುವ ಎಂಜಿನ್ನಿನ ದೀಪ ಮರಗಳ ನಡುವೆ ಸೀಳಿಕೊಂಡು ಬರುತ್ತದೆ. ಮರದ ನೆರಳುಗಳು ಓಡುತ್ತವೆ. ಮುಸುಕು ಹಾಕಿದ ಮುಖಗಳು ಒಂದು ಕ್ಷಣ ಕಾಣಿಸಿ ಮತ್ತೆ ಕಪ್ಪಾಗುತ್ತವೆ. ಕಿಟಕಿಯಿಂದ ಒಂದಿಷ್ಟು ಬೆಳಕು ಒಳಗೆ ಬಂದರೂ ಪರದೆಯ ಮೇಲೆ ಬೂದಿ ಬಣ್ಣ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೆ ಪ್ರದರ್ಶನವನ್ನು ಸಂಜೆ ಕತ್ತಲಾದ ಮೇಲೆ ಇಟ್ಟೆ. ಕಿಟಕಿಗಳಿಗೆ, ಬಾಗಿಲ ಮೇಲಿನ ಗಾಜಿಗೂ ಕಪ್ಪು ಬಟ್ಟೆ ಕಟ್ಟಿಸಿದೆ. ಪ್ರೊಜೆಕ್ಟರಿನಲ್ಲಿ ಬಣ್ಣ ಎದ್ದು ಕಾಣಿಸುವ ಮೋಡ್ ತೆಗೆದು ಸಿನಿಮಾ ಮೋಡ್‌ಗೆ ಹಾಕಿದೆ. ಮೊದಲೇ ಈ ದೃಶ್ಯವನ್ನು ಓಡಿಸಿ, ಕೊನೆಯ ಸಾಲಿನಲ್ಲಿ ಕೂತು ಮುಖಗಳು ಕಾಣುತ್ತವೆಯೇ ಅಂತ ನೋಡಿಕೊಂಡೆ.

ಒಂದು ಮಾತು ಮುಂಚೆಯೇ ಹೇಳಿಟ್ಟಿದ್ದೆ. ನಿರೂಪಕ ಮಾತಾಡುವ ಕೆಲವು ಕಡೆ ಚಿತ್ರದ ಅಂಚು ಮಸುಕಾಗುತ್ತದೆ, ಹಳೇ ಫೋಟೋದ ಹಾಗೆ. ಅದನ್ನು ಬೇಕೆಂದೇ, ಬದಲಾಯಿಸಿದ ಲೆನ್ಸುಗಳಿಂದ ತೆಗೆದದ್ದು. ಹೇಳದೇ ಇದ್ದರೆ ಯಾರಾದರೂ ಎದ್ದು ಬಂದು "ಫೋಕಸ್ ಸರಿ ಮಾಡ್ರಿ" ಅನ್ನುತ್ತಿದ್ದರು.

ಶಬ್ದದ ವಿಷಯದಲ್ಲಿ ಫ್ಯಾನು ದೊಡ್ಡ ತೊಂದರೆ. ನಿಕ್ ಕೇವ್, ವಾರನ್ ಎಲ್ಲಿಸ್ ಅವರ ಸಂಗೀತ ಮೆಲ್ಲಗಿದೆ, ಮಾತಿನ ನಡುವೆ ಉದ್ದುದ್ದ ಮೌನ. ಸೀಲಿಂಗ್ ಫ್ಯಾನು ಗರಗರ ಅಂದರೆ ಆ ಮೌನ ಸತ್ತೇಹೋಗುತ್ತದೆ. ಹಾಗಾಗಿ ಚಳಿಗಾಲದ ತಿಂಗಳೇ ಆರಿಸಿಕೊಂಡು ಫ್ಯಾನು ಆರಿಸಿಟ್ಟೆ. ಚಹಾ ಮಧ್ಯಂತರದಲ್ಲಿ ಮಾತ್ರ.

ಮಧ್ಯಂತರ ಎಲ್ಲಿ ಅನ್ನುವುದು ಈ ಕೆಲಸದಲ್ಲೇ ನನಗೆ ತುಂಬ ಇಷ್ಟವಾದ ಭಾಗ. ಚಿತ್ರದಲ್ಲಿ ಅದು ಇಲ್ಲ, ನಮ್ಮವರಿಗೆ ಬೇಕು. ಗಡಿಯಾರ ನೋಡಿ ನಿಲ್ಲಿಸಿದರೆ ದೃಶ್ಯದ ಕತ್ತು ಹಿಸುಕಿದ ಹಾಗಾಗುತ್ತದೆ. ಬಾಬ್ ವುಡ್ ಹೈಟ್‌ನನ್ನು ಕೊಲ್ಲುವ ಭಾಗ ಮುಗಿದ ಮೇಲೆ ನಿಲ್ಲಿಸಿದೆ. ಅಲ್ಲಿಯವರೆಗೆ ಬಾಬ್ ಬರೀ ಅಭಿಮಾನಿ. ಜೆಸ್ಸಿಯ ನೆಂಟನನ್ನು ಕೊಂದ ಕ್ಷಣದಿಂದ ಜೆಸ್ಸಿಯಿಂದ ಬಚ್ಚಿಡಬೇಕಾದ್ದು ಅವನ ಬಳಿ ಇದೆ. ಪ್ರೀತಿಯ ಜೊತೆ ಭಯ ಸೇರಿಕೊಳ್ಳುತ್ತದೆ. ಚಹಾ ಕುಡಿಯುವಾಗ ಜನ ಗುಂಪು ಗುಂಪಾಗಿ ಇದನ್ನೇ ಮಾತಾಡುತ್ತಿದ್ದರು: "ಅವಂಗ ಗೊತ್ತಾಗ್ತೈತೇನ್ರಿ?" ಮಧ್ಯಂತರ ಸರಿಯಾದ ಜಾಗದಲ್ಲಿ ಬಿದ್ದಿದೆ ಅಂತ ಆಗ ಖಾತ್ರಿಯಾಯಿತು.

ನೋಡುವಾಗ ಗಮನಿಸಿ ಅಂತ ನಾನು ಕೇಳಿಕೊಂಡಿದ್ದು ಒಂದೇ: ಬಾಬ್‌ನ ಕಣ್ಣು. ಅವನು ಜೆಸ್ಸಿಯನ್ನು ಹೇಗೆ ನೋಡುತ್ತಾನೆ, ಜೆಸ್ಸಿ ಅದನ್ನು ಯಾವಾಗ ಗಮನಿಸುತ್ತಾನೆ. ಊಟದ ಮೇಜಿನ ದೃಶ್ಯ ಇದೆ. ತನಗೂ ಜೆಸ್ಸಿಗೂ ಏನೇನು ಹೋಲಿಕೆ ಅಂತ ಬಾಬ್ ಒಪ್ಪಿಸುತ್ತಾನೆ. ಇಬ್ಬರ ಅಪ್ಪಂದಿರೂ ಪಾದ್ರಿಗಳು, ಇಬ್ಬರೂ ಮನೆಯ ಗಂಡುಮಕ್ಕಳಲ್ಲಿ ಕಿರಿಯರು, ಇಬ್ಬರದೂ ನೀಲಿ ಕಣ್ಣು, ಇಬ್ಬರ ಎತ್ತರವೂ ಐದು ಅಡಿ ಎಂಟು ಇಂಚು. ಅಣ್ಣಂದಿರ ಹೆಸರಿನ ಅಕ್ಷರಗಳನ್ನೂ ಎಣಿಸಿಟ್ಟಿದ್ದಾನೆ. ಪಾಠ ಒಪ್ಪಿಸುವ ಮಗುವಿನ ಉತ್ಸಾಹದಲ್ಲಿ ಶುರುವಾದ ಮಾತು, ಸುತ್ತಲಿನವರು ನಗುತ್ತಿದ್ದಂತೆ ಅವಮಾನವಾಗಿ ತಿರುಗುತ್ತದೆ. ಅಫ್ಲೆಕ್ ಮುಖದಲ್ಲಿ ಆ ಬದಲಾವಣೆ ಎಷ್ಟು ಸಣ್ಣದಾಗಿ ಬರುತ್ತದೆ ಅಂದರೆ, ಒಂದು ಸಲ ತಲೆ ತಗ್ಗಿಸಿದರೂ ತಪ್ಪಿಹೋಗುತ್ತದೆ. ಕೊಲೆಯ ಬೀಜ ಇರುವುದು ಈ ಮೇಜಿನ ಬಳಿಯೇ ಅನ್ನುವುದು ನನ್ನ ನಂಬಿಕೆ. ಜೆಸ್ಸಿಯ ತಲೆಗೆ ಇಟ್ಟ ಬಹುಮಾನದ ಹಣ, ಮಿಸ್ಸೌರಿ ಗವರ್ನರನ ಒತ್ತಡ ಎಲ್ಲ ಆಮೇಲೆ ಬಂದದ್ದು.

ಕೊಲೆಯ ದೃಶ್ಯ ಬಂದಾಗ ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಜೆಸ್ಸಿ ಸೊಂಟದ ಪಿಸ್ತೂಲುಗಳನ್ನು ಬಿಚ್ಚಿಡುತ್ತಾನೆ. ಕುರ್ಚಿ ಹತ್ತಿ ಗೋಡೆಯ ಚಿತ್ರದ ಧೂಳು ಒರೆಸಲು ನಿಲ್ಲುತ್ತಾನೆ. ಚಿತ್ರದ ಗಾಜಿನಲ್ಲಿ ಹಿಂದೆ ಪಿಸ್ತೂಲು ಎತ್ತಿದ ಬಾಬ್ ಕಾಣುತ್ತಾನೆ. ಜೆಸ್ಸಿ ತಿರುಗುವುದಿಲ್ಲ. ಬಾಬ್ ಕೈಯಲ್ಲಿರುವುದು ಜೆಸ್ಸಿಯೇ ಉಡುಗೊರೆ ಕೊಟ್ಟ ಪಿಸ್ತೂಲು.

ಚರ್ಚೆಯಲ್ಲಿ ಮೊದಲು ಎದ್ದದ್ದು ಈ ದೃಶ್ಯವೇ. ಹಿರಿಯರೊಬ್ಬರು ಸಂಗೊಳ್ಳಿ ರಾಯಣ್ಣನ ಲಾವಣಿ ನೆನಪಿಸಿದರು: ಅವನೂ ಹಳ್ಳದಲ್ಲಿ ಸ್ನಾನಕ್ಕೆ ಇಳಿದು ಕತ್ತಿ ಕೈಯಲ್ಲಿಲ್ಲದಾಗ, ನಂಬಿದವರ ಮೋಸದಿಂದ ಸಿಕ್ಕಿಬಿದ್ದ. ಆ ನೋವು ಒಂದೇ, ಒಪ್ಪುತ್ತೇನೆ. ಆದರೆ ರಾಯಣ್ಣ ನಾಡಿಗಾಗಿ ಹೋರಾಡಿದವನು, ಜೆಸ್ಸಿ ದರೋಡೆಕೋರ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು ಅಂತ ಅಲ್ಲೇ ಹೇಳಿದೆ. ಆದರೆ ಲಾವಣಿಯ ಮಾತು ನನಗೆ ಒಳ್ಳೆಯ ದಾರಿ ತೋರಿಸಿತು. ಜೆಸ್ಸಿಯ ಮೇಲೂ ಅಮೆರಿಕದಲ್ಲಿ ಹಾಡು ಕಟ್ಟಿದರು, ಕೊಂದವನನ್ನು ಹೇಡಿ ಅಂತ ಕರೆದರು. ಚಿತ್ರದಲ್ಲಿ ಆ ಹಾಡನ್ನು ನಿಕ್ ಕೇವ್ ಅವರೇ ಹೆಂಡದಂಗಡಿಯೊಂದರಲ್ಲಿ ಹಾಡುತ್ತಾರೆ. ಕೂತು ಕೇಳುತ್ತಿರುವ ಬಾಬ್, ಜೆಸ್ಸಿಗೆ ಮೂರು ಮಕ್ಕಳಲ್ಲ, ಎರಡು ಅಂತ ತಿದ್ದುತ್ತಾನೆ. ಎಲ್ಲರೂ ಬೈಯುತ್ತಿರುವ ಹಾಡಿನಲ್ಲೂ ಅವನಿಗೆ ಬೇಕಾದದ್ದು ಜೆಸ್ಸಿಯ ಬಗ್ಗೆ ಸರಿಯಾದ ವಿವರ! ಕೊಂದ ಮೇಲೂ ಅವನು ಅಭಿಮಾನಿಯೇ.

ಅಭಿಮಾನಿಗಳನ್ನು ದೇವರು ಅಂತ ಕರೆದ ರಾಜ್‌ಕುಮಾರ್ ಅವರ ನಾಡಿನವರು ನಾವು. ಈ ವಿಷಯ ಬಂದ ಮೇಲೆ ಹುಡುಗರೂ ಮಾತಿಗೆ ಇಳಿದರು. ಒಬ್ಬ ಹುಡುಗಿ ಕೇಳಿದಳು: "ಸರ್, ಬಾಬ್‌ಗೆ ಜೆಸ್ಸಿ ಬೇಕಿತ್ತಾ, ಇಲ್ಲ ಜೆಸ್ಸಿಯ ಹೆಸರು ಬೇಕಿತ್ತಾ?" ನಾನು ಚಿತ್ರದ ಕೊನೆಯ ಭಾಗ ನೆನಪಿಸಿದೆ. ಕೊಲೆ ಒಪ್ಪಿಕೊಂಡ ಬಾಬ್‌ಗೆ ಗಲ್ಲು ಶಿಕ್ಷೆಯಾಯಿತು, ಗವರ್ನರ್ ಕ್ರಿಟೆಂಡೆನ್ ಕ್ಷಮೆಯೂ ಸಿಕ್ಕಿತು. ಆಮೇಲೆ ನಾಟಕದ ವೇದಿಕೆ ಹತ್ತಿದ. ಅಣ್ಣ ಚಾರ್ಲಿ ಜೆಸ್ಸಿಯಾಗಿ ನಿಲ್ಲುತ್ತಾನೆ, ಬಾಬ್ ಬಾಬ್ ಆಗಿಯೇ ಬಂದು ಮತ್ತೆ ಮತ್ತೆ ಗುಂಡು ಹಾರಿಸುತ್ತಾನೆ. ಹೀಗೆ ಎಂಟುನೂರಕ್ಕೂ ಹೆಚ್ಚು ಸಲ ಕೊಂದ ಅನ್ನುತ್ತಾನೆ ಚಿತ್ರದ ನಿರೂಪಕ. 1884ರಲ್ಲಿ ಚಾರ್ಲಿ ಆತ್ಮಹತ್ಯೆ ಮಾಡಿಕೊಂಡ. 1892ರ ಜೂನ್ 8ರಂದು ಕೊಲೊರಾಡೊದ ಕ್ರೀಡ್ ಊರಿನಲ್ಲಿ ಎಡ್ವರ್ಡ್ ಓಕೆಲಿ ಅನ್ನುವವನು ಬಾಬ್‌ನನ್ನು ಗುಂಡಿಟ್ಟು ಕೊಂದ. ಜೆಸ್ಸಿಯ ಶವದ ಫೋಟೋ ಕೊಳ್ಳಲು ಮುಗಿಬಿದ್ದ ಜನ, ಬಾಬ್ ಸತ್ತಾಗ ಹಾಗೇನೂ ಬರಲಿಲ್ಲ. ಹುಡುಗಿ ಸ್ವಲ್ಪ ಯೋಚಿಸಿ, "ಹಾಗಾದರೆ ಎರಡೂ ಸಿಗಲಿಲ್ಲ" ಅಂದಳು. ಅದನ್ನು ತಿದ್ದುವ ಅಗತ್ಯ ನನಗೆ ಕಾಣಲಿಲ್ಲ.

ನೀವೂ ನಿಮ್ಮೂರಲ್ಲಿ ತೋರಿಸುವುದಾದರೆ, ಜೆಸ್ಸಿ ಸತ್ತ ತಕ್ಷಣ ಚಪ್ಪಲಿ ಹುಡುಕುವವರು ಇದ್ದೇ ಇರುತ್ತಾರೆ. ಕಥೆ ಇನ್ನೂ ಬಾಕಿ ಇದೆ ಅಂತ ಮೊದಲೇ ಹೇಳಿಡಿ. ಸಭಾಂಗಣವನ್ನು ಚಿತ್ರದ ಹೊತ್ತಿಗಿಂತ ಒಂದು ಗಂಟೆಯಾದರೂ ಜಾಸ್ತಿಗೆ ಕೇಳಿ ಇಟ್ಟುಕೊಳ್ಳಿ. ಜನ ಬೇಗ ಏಳುವುದಿಲ್ಲ.