ಮಗುವಿನ ಕ್ರೀಮ್ ಕೊಳ್ಳುವ ಮುಂಚೆ ಬಾಟಲಿ ತಿರುಗಿಸಿ ನೋಡಿ

ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಪುಟ್ಟ ಮಗುವಿಗೆ ಲೋಷನ್ ಕೇಳಿಕೊಂಡು ಬಂದವರು ಮೊದಲು ಮುಚ್ಚಳ ತೆಗೆದು ಮೂಸುತ್ತಾರೆ. ಘಮ್ ಅಂದರೆ ವ್ಯಾಪಾರ ಮುಗಿದ ಹಾಗೆ. ನನಗೆ ಮಾತ್ರ ಅಲ್ಲೇ ಅನುಮಾನ ಶುರು. ಚರ್ಮದ ಅಲರ್ಜಿ ತರುವ ಪದಾರ್ಥಗಳಲ್ಲಿ ಸುಗಂಧ ಯಾವಾಗಲೂ ಮುಂದಿರುತ್ತದೆ.

ಹಿಂಭಾಗದ ಪಟ್ಟಿ ಓದಿ. ಜಾಸ್ತಿ ಇರುವುದು ಮೊದಲು ಬರುತ್ತದೆ. ‘ಪರ್ಫ್ಯೂಮ್’, ‘ಫ್ರಾಗ್ರೆನ್ಸ್’ ಅಂತ ಎಲ್ಲಿ ಕಂಡರೂ ವಾಪಸ್ ಇಡಿ. ‘ಅನ್‌ಸೆಂಟೆಡ್’ (ವಾಸನೆಯಿಲ್ಲದ್ದು) ಅಂತ ಬರೆದಿದ್ದರೂ ಬೇರೆ ಪದಾರ್ಥಗಳ ವಾಸನೆ ಮುಚ್ಚಲು ಒಂದಿಷ್ಟು ಸುಗಂಧ ಹಾಕಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಅಂತಿರುವುದನ್ನೇ ಕೇಳಿ. ‘ನ್ಯಾಚುರಲ್’ ಅನ್ನೋದು ಸುಮ್ನೆ ಮಾರಾಟದ ಮಾತು.

ಆಮೇಲೆ ಇದನ್ನು ಯೋಚಿಸಿ: ಹಚ್ಚಿದ್ದು ತೊಳೆದು ಹೋಗುತ್ತದಾ, ಮೈಮೇಲೇ ಉಳಿಯುತ್ತದಾ? ಶಾಂಪೂ ನೀರಿನ ಜೊತೆ ಹೋಗುತ್ತದೆ. ಕ್ರೀಮು, ವೈಪ್ಸ್‌ನ ತೇವ ಅಲ್ಲೇ ಕೂರುತ್ತವೆ. ಡೈಪರ್ ಒಳಗಂತೂ ಗಾಳಿಯಿಲ್ಲ, ಒದ್ದೆ ಬೇರೆ, ಚರ್ಮ ಇನ್ನೂ ಜಾಸ್ತಿ ಹೀರುತ್ತದೆ. ಮೀಥೈಲ್‌ಐಸೋಥಯಾಜೊಲಿನೋನ್ ಅನ್ನೋ ನಾಲಿಗೆ ಹೊರಳದ ಪ್ರಿಸರ್ವೇಟಿವ್ (ಕೆಡದಂತೆ ಹಾಕುವ ವಸ್ತು) ಒಂದಿದೆ. ಅಲರ್ಜಿ ಹೆಚ್ಚಿದ್ದರಿಂದ ಮೈಮೇಲೆ ಉಳಿಯುವ ಉತ್ಪನ್ನಗಳಲ್ಲಿ ಅದನ್ನು ಯುರೋಪಿಯನ್ ಒಕ್ಕೂಟ 2017ರಲ್ಲಿ ನಿಲ್ಲಿಸಿತು. ಹಾಗಂತ ಪ್ರಿಸರ್ವೇಟಿವ್ ಎಲ್ಲವೂ ಕೆಟ್ಟದ್ದಲ್ಲ. ನೀರಿರುವ ಕ್ರೀಮಿನಲ್ಲಿ ಅದು ಇಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ನಾನು ಕೊಡೋದೇ ಇಲ್ಲ ಅಂತ ಹಟ ಹಿಡಿಯುವುದು ಒಂದು ವಿಷಯಕ್ಕೆ. ಶೀತ ಅಂತ ಎದೆಗೆ ಹಚ್ಚುವ ಮುಲಾಮು. ಅದರಲ್ಲಿ ಕರ್ಪೂರ, ಮೆಂಥಾಲ್ ಇರುತ್ತವೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡ. ಕರ್ಪೂರ ಚರ್ಮದಿಂದಲೂ ಒಳಗಿಳಿದು ಫಿಟ್ಸ್ ತರಿಸಬಲ್ಲದು. ಎಳೆಗೂಸಿನ ಮೂಗಿನ ಹತ್ತಿರ ಮೆಂಥಾಲ್ ಸವರಿದರೆ ಉಸಿರು ಕಟ್ಟಬಹುದು. “ಒಂಚೂರು ಹಚ್ಚಿದರೆ ಏನಾಗುತ್ತೆ?” ಅಂತ ಕೇಳುವವರಿಗೂ ನನ್ನ ಉತ್ತರ ಇದೇ.

ಪೌಡರ್ ಬಿಡಿ, ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಮೊಡವೆಗೆ ಬಳಸುವ ಸ್ಯಾಲಿಸಿಲಿಕ್ ಆಸಿಡ್ ಇರುವ ಕ್ರೀಮ್ ದೊಡ್ಡವರಿಗಿರಲಿ. ಆರು ತಿಂಗಳವರೆಗೆ ಸನ್‌ಸ್ಕ್ರೀನ್ ಬದಲು ನೆರಳು, ಟೋಪಿ, ತುಂಬು ತೋಳಿನ ತೆಳು ಅಂಗಿ ಸಾಕು.

ಹಾಗಾದರೆ ಏನು ಹಚ್ಚೋದು? ಒಣ ಚರ್ಮಕ್ಕೆ ಸುಗಂಧವಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ. ಡೈಪರ್ ಜಾಗ ಕೆಂಪಾದರೆ ಜಿಂಕ್ ಆಕ್ಸೈಡ್ ಕ್ರೀಮ್, ದಪ್ಪನೆ ಪದರವಾಗಿ. ಪ್ರತಿ ಸಲ ಉಜ್ಜಿ ತೆಗೆಯಬೇಕಿಲ್ಲ, ಕೊಳೆಯಾದ ಮೇಲ್ಪದರ ಒರೆಸಿ ಅದರ ಮೇಲೇ ಮತ್ತೆ ಹಚ್ಚಬಹುದು. ಆಲಿವ್ ಎಣ್ಣೆ ಒಳ್ಳೆಯದು ಅಂತ ಹೇಳುವವರು ತುಂಬ ಜನ. ಆದರೆ ಅದರಲ್ಲಿರುವ ಓಲಿಯಿಕ್ ಆಸಿಡ್ ಅನ್ನೋ ಕೊಬ್ಬಿನಾಮ್ಲ ಚರ್ಮದ ರಕ್ಷಣಾ ಪದರವನ್ನು ಸಡಿಲಿಸುತ್ತದೆ, ಎಳೆ ಮಕ್ಕಳಿಗೆ ನಾನು ಹೇಳುವುದಿಲ್ಲ.

ಹೊಸದು ಯಾವುದೇ ಇರಲಿ, ಮುಂಗೈ ಒಳಭಾಗದಲ್ಲಿ ಕಡಲೆಕಾಳಿನಷ್ಟು ಹಚ್ಚಿ ಎರಡು ದಿನ ನೋಡಿ. ಒಮ್ಮೆಗೆ ಒಂದೇ ಹೊಸ ವಸ್ತು. ಎರಡು ಸೇರಿಸಿದರೆ ಯಾವುದರಿಂದ ಗುಳ್ಳೆ ಎದ್ದಿತು ಅಂತ ಗೊತ್ತಾಗಲ್ಲ, ಅಲ್ವಾ? ಗುಳ್ಳೆ, ಕೀವು, ಜ್ವರ ಕಂಡರೆ ಹಚ್ಚುವುದನ್ನು ನಿಲ್ಲಿಸಿ, ಆ ಬಾಟಲಿಯನ್ನೂ ಜೊತೆಗೆ ತಗೊಂಡು ವೈದ್ಯರ ಹತ್ತಿರ ಹೋಗಿ.