ಓದು ಮುಗಿದ ಮೇಲೆ ಉಳಿದ ಟಿಪ್ಪಣಿಗಳು: ನನ್ನ ಅನುಭವ

ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಹಲವು ವರ್ಷಗಳಾದರೂ ಪಠ್ಯಪುಸ್ತಕಗಳು, ತರಗತಿಯ ಟಿಪ್ಪಣಿಗಳು, ಪ್ರಯೋಗಾಲಯದ ರೆಕಾರ್ಡುಗಳು, ನೆರಳಚ್ಚು ಪ್ರತಿಗಳು ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು ನನ್ನ ಬಳಿ ಕಟ್ಟುಕಟ್ಟಾಗಿ ಉಳಿದಿದ್ದವು. ಅವುಗಳನ್ನು ವಿಂಗಡಿಸಲು ಕುಳಿತಾಗ ಪ್ರತಿ ಕಟ್ಟನ್ನೂ ಕೈಗೆತ್ತಿಕೊಂಡು ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ನಾಳೆ ಬೇಕಾದರೆ ಇದು ಬೇರೆಲ್ಲಾದರೂ ಸಿಗುತ್ತದೆಯೇ? ಸಿಗುವುದನ್ನು ಕೈಬಿಡಬಹುದು; ನನ್ನಲ್ಲಿ ಮಾತ್ರ ಇರುವುದರ ಬಗ್ಗೆಯಷ್ಟೇ ಯೋಚಿಸಬೇಕು. ‘ಮುಂದೆಂದಾದರೂ ಉಪಯೋಗಕ್ಕೆ ಬಂದೀತು’ ಎಂಬುದನ್ನೇ ಅಳತೆಗೋಲಾಗಿ ಹಿಡಿದಿದ್ದರೆ ಒಂದು ಹಾಳೆಯೂ ಹೊಸ್ತಿಲು ದಾಟುತ್ತಿರಲಿಲ್ಲ.

ಈ ಪರೀಕ್ಷೆಯಲ್ಲಿ ಮೊದಲು ಹೊರಬಿದ್ದವು ಮುದ್ರಿತ ಪಠ್ಯಪುಸ್ತಕಗಳು. ಅವು ಗ್ರಂಥಾಲಯದಲ್ಲಿ ಸಿಗುತ್ತವೆ, ಪಠ್ಯಕ್ರಮ ಬದಲಾಗುವ ಮೊದಲೇ ಕಿರಿಯ ವಿದ್ಯಾರ್ಥಿಗಳ ಕೈಸೇರಿದರೆ ಅವರಿಗೆ ನಿಜವಾಗಿ ನೆರವಾಗುತ್ತವೆ. ತಡಮಾಡಿ ಕೊಟ್ಟ ಪುಸ್ತಕವನ್ನು ಪಡೆದವರು ಸಂಕೋಚಕ್ಕಾಗಿ ಇಟ್ಟುಕೊಳ್ಳುತ್ತಾರೆಯೇ ಹೊರತು ಓದುವುದಿಲ್ಲ. ಆದರೆ ಎಲ್ಲ ಅಧ್ಯಾಯಗಳೂ ಒಂದೇ ಸಮನಾಗಿ ಹಳತಾಗುವುದಿಲ್ಲ. ಶಾಸ್ತ್ರೀಯ ಯಂತ್ರಶಾಸ್ತ್ರದ ಅಧ್ಯಾಯವನ್ನು ಇಂದೂ ಹಾಗೆಯೇ ಓದಬಹುದು. ಮಾಪನದ ಅಧ್ಯಾಯವನ್ನು ಓದಲಾಗದು. ಕಿಲೋಗ್ರಾಂ ಎಂದರೆ 1889ರಿಂದ ಫ್ರಾನ್ಸಿನಲ್ಲಿ ಇರಿಸಲಾಗಿದ್ದ ಪ್ಲಾಟಿನಂ-ಇರಿಡಿಯಂ ಸಿಲಿಂಡರಿನ ದ್ರವ್ಯರಾಶಿ ಎಂದು ನನ್ನ ಪುಸ್ತಕ ಹೇಳುತ್ತಿತ್ತು. 2019ರ ಮೇ 20ರಿಂದ ಅದನ್ನು ಕ್ವಾಂಟಂ ಭೌತಶಾಸ್ತ್ರದ ಮೂಲ ಸಂಖ್ಯೆಯಾದ ಪ್ಲಾಂಕ್ ಸ್ಥಿರಾಂಕದ ಮೂಲಕ ನಿರೂಪಿಸಲಾಗುತ್ತಿದೆ, ವಿದ್ಯುತ್ ಪ್ರವಾಹ, ತಾಪಮಾನ ಮತ್ತು ವಸ್ತುವಿನ ಪ್ರಮಾಣದ ಮಾನಗಳಾದ ಆಂಪಿಯರ್, ಕೆಲ್ವಿನ್ ಮತ್ತು ಮೋಲ್‌ಗಳ ವ್ಯಾಖ್ಯಾನಗಳೂ ಅಂದೇ ಬದಲಾದವು. 2012ರಲ್ಲಿ ಪತ್ತೆಯಾದ ಹಿಗ್ಸ್ ಬೋಸಾನ್ ಎಂಬ ಮೂಲಕಣ ಮತ್ತು 2015ರಲ್ಲಿ ಮೊದಲ ಬಾರಿಗೆ ನೇರವಾಗಿ ದಾಖಲಾದ ಗುರುತ್ವ ತರಂಗಗಳು ಆ ಪುಸ್ತಕಗಳಲ್ಲಿ ಇನ್ನೂ ಊಹೆಗಳಾಗಿಯೇ ಇದ್ದವು. ಇಂಥ ಬದಲಾವಣೆಗಳನ್ನು ಒಂದು ಚೀಟಿಯಲ್ಲಿ ಬರೆದು, ಮೊದಲ ಪುಟಕ್ಕೆ ಅಂಟಿಸಿ, ಆಮೇಲೆ ಪುಸ್ತಕಗಳನ್ನು ಕೊಟ್ಟೆ. ಪರೀಕ್ಷೆಗೆಂದೇ ಕೊಂಡಿದ್ದ ಗೈಡುಗಳ ಬಗ್ಗೆ ಇಷ್ಟು ಯೋಚನೆ ಬೇಕಾಗಲಿಲ್ಲ.

ಕೈಬರಹದ ಟಿಪ್ಪಣಿಗಳ ವಿಂಗಡಣೆಯೇ ಹೆಚ್ಚು ಸಮಯ ತೆಗೆದುಕೊಂಡಿತು. ಅವುಗಳಲ್ಲಿ ಎರಡು ಬಗೆ: ಕಪ್ಪುಹಲಗೆಯಿಂದ ಇಳಿಸಿಕೊಂಡು ಮನೆಯಲ್ಲಿ ಅಂದವಾಗಿ ಮತ್ತೆ ಬರೆದವು ಒಂದು, ಲೆಕ್ಕ ಬಿಡಿಸುತ್ತ ಹೊಡೆದುಹಾಕಿ, ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿದ ಕಚ್ಚಾ ಹಾಳೆಗಳು ಇನ್ನೊಂದು. ಅಂದವಾದವುಗಳನ್ನು ಬಿಟ್ಟು ಕಚ್ಚಾ ಹಾಳೆಗಳನ್ನೇ ಉಳಿಸಿಕೊಂಡೆ. ಅಂದದ ಪ್ರತಿಯಲ್ಲಿ ಇದ್ದದ್ದು ಪಠ್ಯಪುಸ್ತಕದ್ದೇ ಮಾತು. ಕಲಿಯುವವನ ಬುದ್ಧಿ ಎಲ್ಲಿ ತಡವರಿಸಿತೆಂಬುದು ಕಚ್ಚಾ ಹಾಳೆಯಲ್ಲಿ ಮಾತ್ರ ಉಳಿದಿತ್ತು. ಉದಾಹರಣೆಗೆ, ಉಷ್ಣಗತಿಶಾಸ್ತ್ರದ ಮೊದಲ ನಿಯಮವನ್ನು ಭೌತಶಾಸ್ತ್ರದ ಹಲವು ಪುಸ್ತಕಗಳು ವ್ಯವಸ್ಥೆಯು ಮಾಡಿದ ಕೆಲಸವನ್ನು ಕಳೆದು ಬರೆದರೆ, ರಸಾಯನಶಾಸ್ತ್ರದವು ವ್ಯವಸ್ಥೆಯ ಮೇಲೆ ನಡೆದ ಕೆಲಸವನ್ನು ಕೂಡಿ ಬರೆಯುತ್ತವೆ. ಈ ಚಿಹ್ನೆಯ ಗೊಂದಲ ನನ್ನ ಹಾಳೆಗಳಲ್ಲಿ ಪುಟಗಟ್ಟಲೆ ಹರಡಿಕೊಂಡಿದೆ. ಹಾಗೆಯೇ ವಿದ್ಯುತ್ಕಾಂತತೆಯ ಸಮೀಕರಣಗಳಲ್ಲಿ, ಹಳೆಯ ಗಾಸಿಯನ್ ಮಾನಪದ್ಧತಿಯಿಂದ ಇಂದಿನ ಅಂತರರಾಷ್ಟ್ರೀಯ ಪದ್ಧತಿಯಾದ ಎಸ್‌ಐ ಮಾನಗಳಿಗೆ ಬಂದಾಗ, 4π ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವುದೂ. ಈಗ ಪಾಠ ಹೇಳುವವನಾಗಿ ನಾನು ಆ ಹಾಳೆಗಳನ್ನು ಆಗಾಗ ತೆರೆಯುತ್ತೇನೆ, ಏಕೆಂದರೆ ಒಮ್ಮೆ ಅರ್ಥವಾದ ವಿಷಯ ಹಿಂದೆ ಏಕೆ ಅರ್ಥವಾಗಿರಲಿಲ್ಲ ಎಂಬುದು ನೆನಪಿನಲ್ಲಿ ಉಳಿಯುವುದಿಲ್ಲ.

ಪ್ರಯೋಗಾಲಯದ ವಿಷಯದಲ್ಲೂ ಇದೇ ನ್ಯಾಯ. ಮೌಲ್ಯಮಾಪನಕ್ಕೆ ಒಪ್ಪಿಸಿದ ರೆಕಾರ್ಡ್ ಪುಸ್ತಕದಲ್ಲಿ ಎಲ್ಲ ಪ್ರಯೋಗಗಳೂ ಯಶಸ್ವಿಯಾಗಿಯೇ ಇರುತ್ತವೆ. ಅಳತೆ ತೆಗೆದ ಹೊತ್ತಿನಲ್ಲೇ ಗೀಚಿದ ಅವಲೋಕನ ಪುಸ್ತಕ ಹಾಗಲ್ಲ. ಯಾವ ಉಪಕರಣಕ್ಕೆ ಎಷ್ಟು ಶೂನ್ಯದೋಷ (ಏನನ್ನೂ ಅಳೆಯದಿದ್ದಾಗಲೂ ತೋರಿಸುವ ತಪ್ಪು ಅಂಕೆ) ಇತ್ತು, ಯಾವ ಅಳತೆಯನ್ನು ಏಕೆ ಬಿಡಲಾಯಿತು ಎಂಬುದೆಲ್ಲ ಅದರಲ್ಲಿದೆ.

ಉಳಿಸಿಕೊಂಡವುಗಳನ್ನು 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಸಾಂದ್ರತೆಯಲ್ಲಿ ಸ್ಕ್ಯಾನ್ ಮಾಡಿದೆ. ಬರಿಯ ಕಪ್ಪು-ಬಿಳುಪಿನ ಆಯ್ಕೆಯಲ್ಲಿ ಪೆನ್ಸಿಲಿನ ತೆಳುಗೆರೆಗಳು ಅಳಿಸಿಹೋಗುತ್ತವೆಯಾದ್ದರಿಂದ ಬೂದು ಛಾಯೆಗಳನ್ನೂ ಉಳಿಸುವ ಗ್ರೇಸ್ಕೇಲ್ ಆಯ್ಕೆಯೇ ಸರಿ. ಕಡತಗಳನ್ನು, ದೀರ್ಘಕಾಲದ ಸಂಗ್ರಹಕ್ಕೆಂದೇ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್/ಎ ರೂಪದಲ್ಲಿ ಇಟ್ಟಿದ್ದೇನೆ. ಕೈಬರಹದ ಸೂತ್ರಗಳನ್ನು ಅಕ್ಷರ ಗುರುತಿಸುವ ತಂತ್ರಾಂಶಗಳು ಸರಿಯಾಗಿ ಓದಲಿಲ್ಲವಾದ್ದರಿಂದ ಪ್ರತಿ ಕಡತಕ್ಕೂ ವಿಷಯಸೂಚಿಯನ್ನು ನಾನೇ ಟೈಪ್ ಮಾಡಿದೆ. ಬೇಸರದ ಕೆಲಸ, ಆದರೆ ಸೂಚಿಯಿಲ್ಲದ ಸಂಗ್ರಹದಲ್ಲಿ ಮುಂದೆ ಯಾರೂ ಏನನ್ನೂ ಹುಡುಕುವುದಿಲ್ಲ. ಕಿರುಪ್ರಬಂಧದ ದತ್ತಾಂಶವಿದ್ದ ಸಿ.ಡಿ.ಗಳನ್ನು ಮಾತ್ರ ಎಲ್ಲಕ್ಕಿಂತ ಮೊದಲು ನಕಲು ಮಾಡಿಕೊಂಡೆ. ನಾವೇ ಬರೆಯುವ ಸಿ.ಡಿ.ಗಳಲ್ಲಿ ಮಾಹಿತಿ ನಿಲ್ಲುವುದು ಬಣ್ಣದ ಒಂದು ಪದರದಲ್ಲಿ, ಅದು ಕಾಲಕ್ರಮದಲ್ಲಿ ಕೆಡುತ್ತದೆ. ಒಂದೇ ತಂತ್ರಾಂಶದಲ್ಲಿ ತೆರೆಯುವ ಕಡತಗಳನ್ನು ಸರಳ ಪಠ್ಯರೂಪದ ಸಿಎಸ್‌ವಿಗೆ ಬದಲಾಯಿಸಿ, ಮೂರು ಪ್ರತಿ ಮಾಡಿ, ಒಂದನ್ನು ಮನೆಯಿಂದ ಹೊರಗೆ ಇರಿಸಿದೆ.

ಅಧ್ಯಾಪಕರು ಹಂಚಿದ ಸ್ಲೈಡುಗಳು ಮತ್ತು ಟಿಪ್ಪಣಿಗಳನ್ನು ಅಂತರ್ಜಾಲದಲ್ಲಿ ಹಾಕಬೇಕೆಂದು ಗೆಳೆಯರು ಸೂಚಿಸಿದರು. ಅವು ನನ್ನ ಬಳಿ ಇದ್ದ ಮಾತ್ರಕ್ಕೆ ನನ್ನವಾಗುವುದಿಲ್ಲ, ಹಕ್ಕು ಅವನ್ನು ಬರೆದವರದು ಅಥವಾ ಅವರ ಸಂಸ್ಥೆಯದು. ಬರೆದವರನ್ನು ಕೇಳಿ, ಒಪ್ಪಿದವರದನ್ನು ಮಾತ್ರ ಹಂಚಿಕೊಂಡೆ.

ಉಳಿದ ಕಾಗದ ಮರುಬಳಕೆಗೆ ಹೋಯಿತು. ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ ಒಂದು ಎ4 ಹಾಳೆ ಸುಮಾರು 5 ಗ್ರಾಂ, ಅಂದರೆ 500 ಹಾಳೆಗಳಿಗೆ ಎರಡೂವರೆ ಕಿಲೋ. ಹೊತ್ತು ಸಾಗಿಸುವ ಮೊದಲು ಈ ಲೆಕ್ಕ ತಿಳಿದಿರುವುದು ಒಳ್ಳೆಯದು. ಸುರುಳಿ ತಂತಿ ಮತ್ತು ಪ್ಲಾಸ್ಟಿಕ್ ಹೊದಿಕೆಗಳನ್ನು ತೆಗೆದು, ನೋಂದಣಿ ಸಂಖ್ಯೆ ಮತ್ತು ಸಹಿ ಇದ್ದ ಪುಟಗಳನ್ನು ಹರಿದು ಬೇರೆ ಮಾಡಿದೆ.

ಯಾರೂ ಗಮನಿಸದ ಒಂದು ಪುಸ್ತಿಕೆಯನ್ನು ಮಾತ್ರ ಅಂಕಪಟ್ಟಿಗಳ ಜೊತೆಗೇ ಮೂಲರೂಪದಲ್ಲಿ ಇಟ್ಟುಕೊಂಡಿದ್ದೇನೆ: ನಾನು ಓದಿದ ವರ್ಷಗಳ ಅಧಿಕೃತ ಪಠ್ಯಕ್ರಮ. ಬೇರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ, ಓದಿದ ವಿಷಯಗಳ ಸಮಾನತೆಯನ್ನು ನಿರ್ಧರಿಸಲು ಅಂಕಪಟ್ಟಿಯ ಜೊತೆಗೆ ಪ್ರತಿ ಪತ್ರಿಕೆಯ ಪಠ್ಯವಿವರವನ್ನೂ ಕೇಳುವುದುಂಟು. ಪರಿಷ್ಕರಣೆಯಾದ ಮೇಲೆ ಸಂಸ್ಥೆಯ ಜಾಲತಾಣದಲ್ಲಿ ಸಾಮಾನ್ಯವಾಗಿ ಸಿಗುವುದು ಹೊಸದು ಮಾತ್ರ.