‘ಎಕ್ಸಾಕ್ಟ್ಲಿ’ ಎಲ್ಲಿ ಬರಬೇಕು, ಎಲ್ಲಿ ಬರಬಾರದು

ಇಂಗ್ಲಿಷಿನ ‘ಎಕ್ಸಾಕ್ಟ್ಲಿ’ ಪದಕ್ಕೆ ನಿಘಂಟಿನಲ್ಲಿ ‘ನಿಖರವಾಗಿ’, ‘ಕರಾರುವಾಕ್ಕಾಗಿ’ ಎಂಬ ಅರ್ಥ ಸಿಗುತ್ತದೆ. ಆಡುಮಾತಿನಲ್ಲಿ ಅದರ ಕೆಲಸ ಮಾಡುವುದು ‘ಸರಿಯಾಗಿ’. ಎಷ್ಟೋ ಸಲ ಬರೀ ಏಕಾರವೇ ಸಾಕು: ‘ದಟ್ಸ್ ಎಕ್ಸಾಕ್ಟ್ಲಿ ವಾಟ್ ಐ ಸೆಡ್’ ಅಂದರೆ ‘ನಾನು ಹೇಳಿದ್ದೂ ಅದನ್ನೇ’.

ಉಚ್ಚಾರದಲ್ಲಿ ‘ಕ್ಸ’ ಇಲ್ಲ, ‘ಗ್ಜ’ ಇದೆ: ಇಗ್‌ಜ್ಯಾಕ್ಟ್ಲಿ. ವೇಗವಾಗಿ ಮಾತಾಡುವಾಗ ‘ಟ್’ ಬಿದ್ದುಹೋಗುತ್ತದೆ, ಅದು ತಪ್ಪಲ್ಲ.

ಸಂಖ್ಯೆ, ಸಮಯ, ಅಳತೆ ಹೇಳುವಾಗ ಪದವನ್ನು ಸಂಖ್ಯೆಗಿಂತ ಮೊದಲು ಇಡಿ: ‘ಎಕ್ಸಾಕ್ಟ್ಲಿ ಟೆನ್ ಮೀಟರ್ಸ್’, ‘ಅಟ್ ಎಕ್ಸಾಕ್ಟ್ಲಿ ನೈನ್’. ಜೊತೆಗೆ ‘ಅಬೌಟ್’ ಸೇರಿಸಬೇಡಿ. ಒಂದು ‘ಸರಿಯಾಗಿ’, ಇನ್ನೊಂದು ‘ಸುಮಾರು’. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ.

ಕನ್ನಡಿಗರು ಹೆಚ್ಚಾಗಿ ಎಡವುವುದು ‘ಇಲ್ಲ’ ಎನ್ನುವ ವಾಕ್ಯದಲ್ಲಿ. ‘ನನಗೆ ಸರಿಯಾಗಿ ಗೊತ್ತಿಲ್ಲ’ ಎನ್ನುವಾಗ ‘ಸರಿಯಾಗಿ’ ಮೊದಲು ಬಂದು ‘ಇಲ್ಲ’ ಕೊನೆಗೆ ಬರುತ್ತದೆ. ಅದೇ ಜಾಡಿನಲ್ಲಿ ಹೋದರೆ ‘ಐ ಎಕ್ಸಾಕ್ಟ್ಲಿ ಡೋಂಟ್ ನೋ’ ಆಗಿಬಿಡುತ್ತದೆ. ಇಂಗ್ಲಿಷಿನಲ್ಲಿ ಮೊದಲು ನಿಷೇಧ, ಆಮೇಲೆ ಈ ಪದ: ‘ಐ ಡೋಂಟ್ ನೋ ಎಕ್ಸಾಕ್ಟ್ಲಿ’. ಮುಂದೆ ‘ಯಾವಾಗ’, ‘ಎಲ್ಲಿ’ ಬರುವುದಿದ್ದರೆ ‘ಐ ಡೋಂಟ್ ನೋ ಎಕ್ಸಾಕ್ಟ್ಲಿ ವೆನ್’.

‘ನಾಟ್ ಎಕ್ಸಾಕ್ಟ್ಲಿ’ಗೆ ಎರಡು ಮುಖ. ಮುಂದೆ ಸಂಖ್ಯೆ ಇದ್ದರೆ ಅರ್ಥ ನೇರ: ಸರಿಯಾಗಿ ಅಷ್ಟೇ ಅಲ್ಲ, ಸ್ವಲ್ಪ ಆಚೀಚೆ. ಮುಂದೆ ಗುಣ ಬಂದರೆ ಮಾತು ಬೇರೆ. ‘ಹೀ ಈಸ್ ನಾಟ್ ಎಕ್ಸಾಕ್ಟ್ಲಿ ರಿಚ್’ ಎಂದವರು ಅವನು ಬಹುಮಟ್ಟಿಗೆ ಶ್ರೀಮಂತ ಎನ್ನುತ್ತಿಲ್ಲ, ‘ಅವನೇನು ಅಂಥ ಶ್ರೀಮಂತನಲ್ಲ’ ಎನ್ನುತ್ತಿದ್ದಾರೆ. ಒಂಟಿಯಾಗಿ ಉತ್ತರಕ್ಕೆ ಬಂದಾಗ ‘ಹಾಗೇನೂ ಅಲ್ಲ’ ಎಂದು ತಿಳಿಯಿರಿ.

ಒಪ್ಪಿಗೆಗೆ ಬರೀ ‘ಎಕ್ಸಾಕ್ಟ್ಲಿ!’ ಎಂದರೆ ‘ಅದೇ ನಾನೂ ಹೇಳೋದು!’ ಎಂಬ ಭಾವ. ಅಭಿಪ್ರಾಯಕ್ಕೆ, ವಿವರಣೆಗೆ ಅದು ಒಪ್ಪುತ್ತದೆ. ‘ಈ ಪುಸ್ತಕ ನಿಮ್ಮದಾ?’ ಎಂಬ ಸಾದಾ ಪ್ರಶ್ನೆಗೆ ‘ಯೆಸ್’ ಸಾಕು.

ಪ್ರಶ್ನೆ ಕೇಳುವಾಗ ದನಿಯ ಬಗ್ಗೆ ಎಚ್ಚರ ಬೇಕು. ‘ವೇರ್ ಎಕ್ಸಾಕ್ಟ್ಲಿ ಈಸ್ ಇಟ್?’ ಸಹಜವಾದ ವಿಚಾರಣೆ. ‘ವಾಟ್ ಎಕ್ಸಾಕ್ಟ್ಲಿ ಡು ಯೂ ವಾಂಟ್?’ ಎನ್ನುವುದು ಮಾತ್ರ ದನಿ ಸ್ವಲ್ಪ ಗಡುಸಾದರೂ ‘ಅಸಲಿಗೆ ನಿನಗೆ ಬೇಕಾಗಿರೋದಾದರೂ ಏನು?’ ಎಂದು ಗದರಿದಂತೆ ಕೇಳುತ್ತದೆ. ಹೊಸಬರ ಹತ್ತಿರ, ಪತ್ರದಲ್ಲಿ ‘ಕುಡ್ ಯೂ ಟೆಲ್ ಮಿ ಎಕ್ಸಾಕ್ಟ್ಲಿ ವಾಟ್ ಯೂ ನೀಡ್?’ ಎಂದು ಕೇಳಿದರೆ ಆ ಗಡಸು ಇರುವುದಿಲ್ಲ.